ಇಡೀ ರಾತ್ರಿಯ ಆಟ ಒಂದು ಪೆನ್‌ಡ್ರೈವ್‌ನಲ್ಲಿ: ಮುಕ್ತ ತಂತ್ರಾಂಶದಿಂದ ವಿಡಿಯೋ ಎನ್‌ಕೋಡಿಂಗ್

ಇಡೀ ರಾತ್ರಿಯ ಯಕ್ಷಗಾನವನ್ನು ಚಿತ್ರೀಕರಿಸಿದರೆ ಬೆಳಗಾಗುವ ಹೊತ್ತಿಗೆ ಎಷ್ಟು ಜಾಗ ಬೇಕು? ಲೆಕ್ಕ ಹಾಕಿ ನೋಡೋಣ. ಒಂದೊಂದು ಚಿತ್ರದಲ್ಲಿ 1920×1080 ಚುಕ್ಕೆಗಳು, ಸೆಕೆಂಡಿಗೆ ಅಂಥ 25 ಚಿತ್ರಗಳು. ಏನನ್ನೂ ಅಡಕ ಮಾಡದೆ ಹಾಗೆಯೇ ಬರೆದಿಟ್ಟರೆ ಸೆಕೆಂಡಿಗೆ ಸುಮಾರು 78 ಎಂಬಿ, ಗಂಟೆಗೆ 280 ಜಿಬಿ. ಎಂಟು ಗಂಟೆಯ ಆಟಕ್ಕೆ 2.2 ಟಿಬಿ ದಾಟುತ್ತದೆ. ಫೋನು ಚಿತ್ರೀಕರಿಸುತ್ತಲೇ ಅಡಕ ಮಾಡುವುದರಿಂದ ನಾವು ಬಚಾವು. ಸೆಕೆಂಡಿಗೆ 16 ಮೆಗಾಬಿಟ್ ಲೆಕ್ಕದಲ್ಲಿ ಬರೆದರೆ ಗಂಟೆಗೆ 7.2 ಜಿಬಿ, ರಾತ್ರಿಗೆ ಹೆಚ್ಚುಕಡಿಮೆ 58 ಜಿಬಿ ಆಗುತ್ತದೆ. ಆದರೆ ಫೋನಿಗೆ ಯಾವಾಗಲೂ ಅವಸರ. ಎದುರು ನಡೆಯುತ್ತಿರುವುದನ್ನು ಆ ಕ್ಷಣದಲ್ಲೇ ಬರೆದು ಮುಗಿಸಬೇಕು, ಹಿಂದೆಮುಂದೆ ನೋಡಲು ಅದಕ್ಕೆ ಪುರಸೊತ್ತಿಲ್ಲ. ಅದೇ ವಿಡಿಯೋವನ್ನು ಮನೆಯ ಕಂಪ್ಯೂಟರಿನಲ್ಲಿ ನಿಧಾನವಾಗಿ ಇನ್ನೊಮ್ಮೆ ಎನ್‌ಕೋಡ್ ಮಾಡಿದರೆ, ಅಂದರೆ ಹೊಸದಾಗಿ ಅಡಕಗೊಳಿಸಿ ಬರೆದರೆ, ಕಣ್ಣಿಗೆ ವ್ಯತ್ಯಾಸ ಕಾಣದ ಹಾಗೆ ಗಾತ್ರವನ್ನು ಅರ್ಧಕ್ಕಿಂತ ಕೆಳಗೆ ಇಳಿಸುವುದು ಎಷ್ಟೋ ಸಲ ಸಾಧ್ಯ.

ಈ ಕೆಲಸಕ್ಕೆ ಬೇಕಾದ ಒಳ್ಳೆಯ ಸಲಕರಣೆಗಳೆಲ್ಲ ಮುಕ್ತ ತಂತ್ರಾಂಶಗಳು. ಹಣ ಕೊಡಬೇಕಿಲ್ಲ, ಜಾಹೀರಾತು ಇಲ್ಲ, ವಿಡಿಯೋದ ಮೂಲೆಯಲ್ಲಿ ಯಾರದೋ ಮುದ್ರೆ ಬೀಳುವುದಿಲ್ಲ. ಮನೆಯ ಮದುವೆ, ನಾಮಕರಣ, ಅಜ್ಜಿಯ ಮಾತು ಇರುವ ವಿಡಿಯೋವನ್ನು ಯಾವುದೋ ಅಪರಿಚಿತ ‘ಆನ್‌ಲೈನ್ ಕನ್ವರ್ಟರ್’ಗೆ ಏರಿಸುವ ಅಗತ್ಯವೂ ಇಲ್ಲ. ಆ ಅಭ್ಯಾಸವನ್ನು ಮೊದಲು ಬಿಡಿ ಎಂದು ಒತ್ತಿ ಹೇಳುತ್ತೇನೆ. ವಿಡಿಯೋ ನಿಮ್ಮ ಕಂಪ್ಯೂಟರಿನಲ್ಲೇ ಇರಲಿ, ಕೆಲಸವೂ ಅಲ್ಲೇ ನಡೆಯಲಿ.

ಎಲ್ಲಿಂದ ಪಡೆಯುವುದು

ಹೊಸಬರಿಗೆ ನಾನು ಹೇಳುವುದು ಹ್ಯಾಂಡ್‌ಬ್ರೇಕ್. ಎರಿಕ್ ಪೆಟಿಟ್ ಎಂಬ ಪ್ರೋಗ್ರಾಮರ್ 2003ರಲ್ಲಿ ಇದನ್ನು ಬಿಓಎಸ್ ಎಂಬ ಕಾರ್ಯಾಚರಣ ವ್ಯವಸ್ಥೆಗಾಗಿ ಬರೆದರು. ಆ ವ್ಯವಸ್ಥೆ ಮರೆಯಾಯಿತು, ತಂತ್ರಾಂಶ ಉಳಿಯಿತು. ಸ್ವಯಂಸೇವಕರ ಕೈಗೆ ಬಂದ ಅದು ಹದಿಮೂರು ವರ್ಷ ಸೊನ್ನೆಯಿಂದ ಶುರುವಾಗುವ ಆವೃತ್ತಿ ಸಂಖ್ಯೆಗಳಲ್ಲೇ ಸಾಗಿ, 2016ರ ಡಿಸೆಂಬರ್ 24ರಂದು 1.0 ಆಯಿತು. ಈಗ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಸಿಗುತ್ತದೆ.

ಡೌನ್‌ಲೋಡ್ ಮಾಡುವಾಗ ಹುಷಾರಾಗಿರಬೇಕು. 2017ರ ಮೇ ತಿಂಗಳಲ್ಲಿ ಹ್ಯಾಂಡ್‌ಬ್ರೇಕ್‌ನ ಡೌನ್‌ಲೋಡ್ ಸರ್ವರ್‌ಗಳಲ್ಲಿ ಒಂದಕ್ಕೆ ಕನ್ನ ಹಾಕಿದವರು, ಮ್ಯಾಕ್ ಆವೃತ್ತಿಯ ಜಾಗದಲ್ಲಿ ಪ್ರೋಟಾನ್ ಎಂಬ ಕುತಂತ್ರಾಂಶ ಸೇರಿಸಿದ ಫೈಲನ್ನು ಇಟ್ಟಿದ್ದರು. ತಂಡ ಅದನ್ನು ಮುಚ್ಚಿಡಲಿಲ್ಲ. ಯಾವ ದಿನದಿಂದ ಯಾವ ದಿನದವರೆಗೆ ಇಳಿಸಿಕೊಂಡವರು ಏನು ಮಾಡಬೇಕೆಂದು ಬಹಿರಂಗವಾಗಿ ಹೇಳಿತು. ಆದ್ದರಿಂದ ಹ್ಯಾಂಡ್‌ಬ್ರೇಕ್ ಡಾಟ್ ಎಫ್ಆರ್ ಎಂಬ ಅಧಿಕೃತ ತಾಣದಿಂದಲೇ ಪಡೆಯಿರಿ. ಫೈಲಿನ ಜೊತೆ ಪ್ರಕಟಿಸುವ ಚೆಕ್‌ಸಮ್ ಎಂಬ ಉದ್ದನೆಯ ಸಂಖ್ಯೆಯನ್ನು ನಿಮಗೆ ಸಿಕ್ಕ ಫೈಲಿನ ಚೆಕ್‌ಸಮ್‌ಗೆ ಹೋಲಿಸಿ ನೋಡಿ. ವಿಂಡೋಸ್‌ನಲ್ಲಿ ಮೊದಲ ಸಲ ತೆರೆದಾಗ ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ಡೆಸ್ಕ್‌ಟಾಪ್ ರನ್‌ಟೈಮ್ ಬೇಕೆಂದು ಕೇಳಬಹುದು. ಅದು ಸಹಜ, ಮೈಕ್ರೋಸಾಫ್ಟ್ ತಾಣದಿಂದ ಹಾಕಿಕೊಳ್ಳಿ.

ಒಂದು ನಿಮಿಷದ ಪರೀಕ್ಷೆ

ಇಡೀ ಫೈಲನ್ನು ಎನ್‌ಕೋಡ್‌ಗೆ ಹಾಕಿ ಮಲಗಬೇಡಿ. ಫೈಲನ್ನು ಹ್ಯಾಂಡ್‌ಬ್ರೇಕ್ ಕಿಟಕಿಗೆ ಎಳೆದು ಬಿಡಿ. ಮೇಲಿನ ಸಾಲಿನಲ್ಲಿ ‘ರೇಂಜ್’ ಎಂಬ ಆಯ್ಕೆ ಇದೆ. ಅದನ್ನು ‘ಸೆಕೆಂಡ್ಸ್’ಗೆ ಬದಲಿಸಿ ವಿಡಿಯೋದ ಅತ್ಯಂತ ಕಷ್ಟದ ಒಂದು ನಿಮಿಷವನ್ನು ಆರಿಸಿಕೊಳ್ಳಿ. ಯಕ್ಷಗಾನದಲ್ಲಿ ಅದು ಸಾಮಾನ್ಯವಾಗಿ ಬಣ್ಣದ ವೇಷದ ಪ್ರವೇಶ ಅಥವಾ ಸುತ್ತುತ್ತ ಜಿಗಿಯುವ ಸರಣಿ ದಿಗಿಣ. ಮದುವೆಯಲ್ಲಾದರೆ ಅಕ್ಷತೆ ಬೀಳುವ ಹೊತ್ತು. ಆ ನಿಮಿಷ ಚೆನ್ನಾಗಿ ಬಂದರೆ ಉಳಿದದ್ದೆಲ್ಲ ಚೆನ್ನಾಗಿ ಬರುತ್ತದೆ.

ಹೀಗೆ ಹೇಳಲು ಕಾರಣ ಎನ್‌ಕೋಡರ್ ಕೆಲಸ ಮಾಡುವ ರೀತಿ. ಅದು ಪ್ರತಿ ಚಿತ್ರವನ್ನು ಚಿಕ್ಕ ಚೌಕಗಳಾಗಿ ಕತ್ತರಿಸುತ್ತದೆ. ಎಚ್.264 ಎಂಬ ವಿಡಿಯೋ ಮಾನಕದಲ್ಲಿ ಇವು 16×16 ಚುಕ್ಕೆಗಳ ಚೌಕ. ಒಂದೊಂದು ಚೌಕವನ್ನೂ ಹಿಡಿದು, ಇದು ಹಿಂದಿನ ಚಿತ್ರದಲ್ಲಿ ಎಲ್ಲಿತ್ತು ಎಂದು ಹುಡುಕುತ್ತದೆ. ರಂಗಸ್ಥಳದ ಹಿಂದಿನ ಪರದೆ ಗಂಟೆಗಟ್ಟಲೆ ಬದಲಾಗುವುದಿಲ್ಲ, ಭಾಗವತರು ಕುಳಿತಲ್ಲೇ ಕುಳಿತಿರುತ್ತಾರೆ. ಅಂಥ ಚೌಕಗಳಿಗೆ ‘ಮೊದಲಿನಂತೆಯೇ’ ಎಂದು ಬರೆದರೆ ಮುಗಿಯಿತು. ವೇಷಧಾರಿ ಎರಡು ಹೆಜ್ಜೆ ಬಲಕ್ಕೆ ಸರಿದರೆ ‘ಆ ಚೌಕ ಇಷ್ಟು ಬಲಕ್ಕೆ’ ಎಂಬ ಸೂಚನೆ ಸಾಕು. ದಿಗಿಣ ಶುರುವಾದಾಗ ಮಾತ್ರ ಕಿರೀಟದ ಹೊಳಪು, ಮಣಿಸರಗಳು, ಬಟ್ಟೆಯ ನೆರಿಗೆಗಳು ಎಲ್ಲವೂ ಒಂದೇ ಸಲ ಬದಲಾಗುತ್ತವೆ. ಹಳೆಯದನ್ನು ತೋರಿಸಿ ಕೆಲಸ ಮುಗಿಸಲು ಆಗುವುದಿಲ್ಲ, ಹೊಸದಾಗಿ ಬರೆಯಬೇಕು. ಜಾಗ ಸಾಲದಿದ್ದರೆ ಅಲ್ಲಿ ಚಿತ್ರ ಕಲಸಿಹೋಗುತ್ತದೆ.

ಈಗ ‘ವಿಡಿಯೋ’ ಟ್ಯಾಬ್‌ಗೆ ಬನ್ನಿ. ಇಲ್ಲಿ ಬಹುಮಂದಿ ದಾರಿ ತಪ್ಪುತ್ತಾರೆ. ಗಾತ್ರ ಇಳಿಸಬೇಕೆಂದು ಬಂದವರು ನೇರವಾಗಿ ‘ಆವರೇಜ್ ಬಿಟ್‌ರೇಟ್’ ಆಯ್ಕೆಗೆ ಕೈ ಹಾಕುತ್ತಾರೆ. ಅದು ‘ಇಷ್ಟೇ ಗಜ ಬಟ್ಟೆ, ಇದರಲ್ಲೇ ಎಲ್ಲರಿಗೂ ಅಂಗಿ ಹೊಲಿಯಿರಿ’ ಎಂದ ಹಾಗೆ. ‘ಕಾನ್‌ಸ್ಟಂಟ್ ಕ್ವಾಲಿಟಿ’ ಎಂದರೆ ಪ್ರತಿಯೊಬ್ಬರ ಅಳತೆ ನೋಡಿ ಬೇಕಾದಷ್ಟು ಬಟ್ಟೆ ತೆಗೆದುಕೊಳ್ಳಿ ಎನ್ನುವುದು. ಭಾಗವತರು ಹಾಡುತ್ತ ಕುಳಿತ ದೃಶ್ಯಕ್ಕೆ ಕಡಿಮೆ ಜಾಗ, ದಿಗಿಣಕ್ಕೆ ಹೆಚ್ಚು ಜಾಗ, ನೋಡುವವರಿಗೆ ಎರಡೂ ಒಂದೇ ಗುಣಮಟ್ಟ. ಕೊನೆಯಲ್ಲಿ ಫೈಲ್ ಎಷ್ಟು ದೊಡ್ಡದಾಗುತ್ತದೆ ಎಂದು ಮೊದಲೇ ಹೇಳಲಾಗುವುದಿಲ್ಲ. ಅದೊಂದೇ ಇದರ ಕೊರತೆ, ಒಪ್ಪಿಕೊಳ್ಳಬಹುದಾದ ಕೊರತೆ. ಇಂತಿಷ್ಟೇ ಜಾಗದಲ್ಲಿ ಹಿಡಿಸಲೇಬೇಕು ಎಂಬ ಕಟ್ಟುಪಾಡು ಇದ್ದಾಗ ಮಾತ್ರ ಬಿಟ್‌ರೇಟ್ ಆಯ್ಕೆಗೆ ಹೋಗಿ.

ಕಾನ್‌ಸ್ಟಂಟ್ ಕ್ವಾಲಿಟಿಯ ಅಳತೆಗೆ ಹ್ಯಾಂಡ್‌ಬ್ರೇಕ್‌ನಲ್ಲಿ ಆರ್‌ಎಫ್ ಎಂದು ಹೆಸರು. ಸಂಖ್ಯೆ ಕಡಿಮೆಯಾದಷ್ಟೂ ಗುಣಮಟ್ಟ ಹೆಚ್ಚು, ಫೈಲೂ ದೊಡ್ಡದು. ಹಳೆಯ ಡಿವಿಡಿ ಮಟ್ಟದ ವಿಡಿಯೋಗೆ 18ರಿಂದ 22, 720 ಸಾಲುಗಳ ವಿಡಿಯೋಗೆ 19ರಿಂದ 23, 1080ಕ್ಕೆ 20ರಿಂದ 24, ನಾಲ್ಕು-ಕೆಗೆ 22ರಿಂದ 28. ಇವು ಹ್ಯಾಂಡ್‌ಬ್ರೇಕ್ ತಂಡವೇ ಸೂಚಿಸುವ ಮಿತಿಗಳು. ಸಂಖ್ಯೆಯನ್ನು 6 ಹೆಚ್ಚಿಸಿದರೆ ಬಿಟ್‌ರೇಟ್ ಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ಎಕ್ಸ್264 ಎಂಬ ಎನ್‌ಕೋಡರ್ ಬಳಸುವವರು ನೆನಪಿಡುವ ಅಂದಾಜು. 20, 22, 24 ಹೀಗೆ ಮೂರು ಸಂಖ್ಯೆಗಳಲ್ಲಿ ನಿಮ್ಮ ಆ ಒಂದು ನಿಮಿಷವನ್ನು ಎನ್‌ಕೋಡ್ ಮಾಡಿ. ಫೋನಿನ ಪರದೆಯಲ್ಲಿ ಅಲ್ಲ, ಮನೆಯ ದೊಡ್ಡ ಟಿವಿಯಲ್ಲಿ ಹಾಕಿ ನೋಡಿ. ವೇಷದ ಮುಖವರ್ಣಿಕೆಯ ಗೆರೆಗಳನ್ನೂ ದೀಪದ ಹಿಂದಿನ ಕತ್ತಲನ್ನೂ ಗಮನಿಸಿ. ವ್ಯತ್ಯಾಸ ಕಾಣದ ಅತಿ ದೊಡ್ಡ ಸಂಖ್ಯೆಯೇ ನಿಮ್ಮ ಸಂಖ್ಯೆ.

ಅದರ ಪಕ್ಕದಲ್ಲೇ ‘ಎನ್‌ಕೋಡರ್ ಪ್ರಿಸೆಟ್’ ಎಂಬ ಜಾರುಪಟ್ಟಿ ಇದೆ. ಅಲ್ಟ್ರಾಫಾಸ್ಟ್‌ನಿಂದ ಪ್ಲಸೀಬೋವರೆಗೆ ಹತ್ತು ಹಂತ. ನಿಧಾನದ ಹಂತದಲ್ಲಿ ಎನ್‌ಕೋಡರ್ ಹೆಚ್ಚು ಹುಡುಕುತ್ತದೆ, ಆದ್ದರಿಂದ ಹೆಚ್ಚುಕಡಿಮೆ ಅದೇ ಗುಣಮಟ್ಟಕ್ಕೆ ಫೈಲ್ ಚಿಕ್ಕದಾಗುತ್ತದೆ. ಮೀಡಿಯಂ ಅಥವಾ ಸ್ಲೋ ಸಾಕು. ವೆರಿಸ್ಲೋ ದಾಟಿ ಪ್ಲಸೀಬೋಗೆ ಹೋಗುವುದರಿಂದ ಕರೆಂಟು ಖರ್ಚಾಗುತ್ತದೆಯೇ ಹೊರತು ಕಣ್ಣಿಗೆ ಕಾಣುವ ಲಾಭವಿಲ್ಲ, ಹೆಸರೇ ಅದನ್ನು ಹೇಳುತ್ತದೆ. ಗ್ರಾಫಿಕ್ಸ್ ಕಾರ್ಡ್‌ನಿಂದ ಎನ್‌ಕೋಡ್ ಮಾಡುವ ಎನ್‌ವೆಂಕ್, ಕ್ವಿಕ್‌ಸಿಂಕ್ ಆಯ್ಕೆಗಳು ಬಹಳ ವೇಗ. ಆದರೆ ಅದೇ ಗುಣಮಟ್ಟಕ್ಕೆ ಸಾಮಾನ್ಯವಾಗಿ ದೊಡ್ಡ ಫೈಲ್ ಕೊಡುತ್ತವೆ. ಸಂಜೆಯೊಳಗೆ ಯಾರಿಗೋ ಕಳಿಸಬೇಕಿದ್ದರೆ ಅವು ಸರಿ. ಶಾಶ್ವತವಾಗಿ ಇಟ್ಟುಕೊಳ್ಳುವ ಪ್ರತಿಗೆ ನಿಧಾನವೇ ಒಳ್ಳೆಯದು.

ಕಣ್ಣಿಗಾಗಿ ಬರೆದ ಕೋಡ್

ಹ್ಯಾಂಡ್‌ಬ್ರೇಕ್ ತಾನಾಗಿ ಎನ್‌ಕೋಡ್ ಮಾಡುವುದಿಲ್ಲ. ಫೈಲನ್ನು ಓದಿ ಬಿಡಿಸುವ ಕೆಲಸವನ್ನು ಎಫ್ಎಫ್ಎಂಪೆಗ್‌ನಿಂದ ಮಾಡಿಸುತ್ತದೆ, ಹೊಸದಾಗಿ ಬರೆಯುವ ಕೆಲಸವನ್ನು ಎಕ್ಸ್264, ಎಕ್ಸ್265, ಎಸ್‌ವಿಟಿ-ಎವಿ1 ಮುಂತಾದವಕ್ಕೆ ಒಪ್ಪಿಸುತ್ತದೆ. ಎಫ್ಎಫ್ಎಂಪೆಗ್ ಅನ್ನು ಫ್ರಾನ್ಸಿನ ಫ್ಯಾಬ್ರಿಸ್ ಬೆಲಾರ್ಡ್ 2000ದಲ್ಲಿ ಆರಂಭಿಸಿದರು, ನಂತರ ಹಲವು ವರ್ಷ ಮೈಕೆಲ್ ನೀಡರ್‌ಮೇಯರ್ ಮುನ್ನಡೆಸಿದರು. ಇಂದು ಯೂಟ್ಯೂಬ್, ನೆಟ್‌ಫ್ಲಿಕ್ಸ್‌ನಂಥ ಸಂಸ್ಥೆಗಳು ಅದನ್ನು ಬಳಸುತ್ತವೆ. 2021ರ ಫೆಬ್ರವರಿಯಲ್ಲಿ ನಾಸಾದ ಪರ್ಸಿವರೆನ್ಸ್ ಮಂಗಳನ ಮೇಲೆ ಇಳಿದಾಗ ಅದರ ಕ್ಯಾಮೆರಾಗಳು ತೆಗೆದ ದೃಶ್ಯಗಳನ್ನು ಅಡಕಗೊಳಿಸಿದ್ದೂ ಇದೇ.

ಈ ಎಲ್ಲದರಲ್ಲಿ ನನಗೆ ತುಂಬ ಮೆಚ್ಚುಗೆಯಾದ ಕತೆ ಎಕ್ಸ್264ನದು. ಎಚ್.264 ಎಂಬ ಮಾನಕ 2003ರಲ್ಲಿ ಹೊರಬಂತು. ಮಾನಕ ಹೇಳುವುದು ಅಡಕಗೊಳಿಸಿದ ಫೈಲನ್ನು ಹೇಗೆ ಬಿಡಿಸಬೇಕು ಎಂಬುದನ್ನು ಮಾತ್ರ. ಹೇಗೆ ಅಡಕ ಮಾಡಬೇಕು ಎಂಬುದು ಬರೆಯುವವರ ಜಾಣ್ಮೆಗೆ ಬಿಟ್ಟದ್ದು. ಲಾರೆಂಟ್ ಐಮಾರ್ ಆರಂಭಿಸಿ, ಲೊರೆನ್ ಮೆರಿಟ್ ಮತ್ತು ಜೇಸನ್ ಗ್ಯಾರೆಟ್-ಗ್ಲೇಸರ್ ಮುಂದುವರಿಸಿದ ಎಕ್ಸ್264 ತಂಡ ಆ ಜಾಣ್ಮೆಯನ್ನು ತುದಿಯವರೆಗೆ ಒಯ್ದಿತು. ಮೂಲ ಚಿತ್ರಕ್ಕೂ ಎನ್‌ಕೋಡ್ ಆದ ಚಿತ್ರಕ್ಕೂ ಚುಕ್ಕೆ ಚುಕ್ಕೆಗೆ ಎಷ್ಟು ವ್ಯತ್ಯಾಸ ಎಂದು ಲೆಕ್ಕ ಹಾಕಿ ಗುಣಮಟ್ಟ ಅಳೆಯುವುದು ಆಗಿನ ರೂಢಿ. ಆ ಲೆಕ್ಕದಲ್ಲಿ ಹೆಚ್ಚು ಅಂಕ ಗಳಿಸಲು ಸುಲಭದ ದಾರಿ, ಸಣ್ಣ ವಿವರಗಳನ್ನು ನುಣುಪಾಗಿ ಒರೆಸಿಬಿಡುವುದು. ಅಂಕ ಬರುತ್ತದೆ, ಆದರೆ ಮುಖ ಮೇಣದ ಗೊಂಬೆಯದಾಗುತ್ತದೆ. ನಮ್ಮ ಕಣ್ಣು ವಿವರ ಅಳಿಸಿಹೋಗಿದ್ದನ್ನು ತಕ್ಷಣ ಗುರುತಿಸುತ್ತದೆ, ವಿವರ ತುಸು ಆಚೀಚೆ ಆಗಿದ್ದನ್ನು ಅಷ್ಟಾಗಿ ಗಮನಿಸುವುದಿಲ್ಲ. ಈ ತಿಳಿವನ್ನು ಆಧರಿಸಿ, ಅಂಕ ಕಡಿಮೆಯಾದರೂ ಸರಿ, ಬಟ್ಟೆಯ ನೇಯ್ಗೆ, ಚರ್ಮದ ಒರಟು, ಫಿಲ್ಮಿನ ಕಣಗಳು ಉಳಿಯಲಿ ಎಂಬ ತೀರ್ಮಾನವನ್ನು ಅವರು ಕೋಡ್‌ನಲ್ಲಿ ಬರೆದರು. ಮುಂದಿನ ಹಲವು ಚಿತ್ರಗಳನ್ನು ಮೊದಲೇ ನೋಡಿ, ಯಾವ ಚೌಕವನ್ನು ಮುಂದೆ ಮತ್ತೆ ಮತ್ತೆ ಆಧರಿಸಬೇಕಾಗುತ್ತದೋ ಅದನ್ನು ಹೆಚ್ಚು ಚೆನ್ನಾಗಿ ಬರೆಯುವ ವಿಧಾನವನ್ನೂ 2009ರಲ್ಲಿ ಸೇರಿಸಿದರು. ರಂಗಸ್ಥಳದ ಪರದೆಯಂಥ ಸ್ಥಿರ ಹಿನ್ನೆಲೆ ಕಡಿಮೆ ಜಾಗದಲ್ಲೂ ಸ್ವಚ್ಛವಾಗಿ ಉಳಿಯುವುದು ಇದರಿಂದ.

ಎಕ್ಸ್264 ತಂಡದ ಈ ಕೆಲಸದ ಫಲ ನಿಮ್ಮ ಕೈಗೆ ಸಿಗುವುದು ‘ಎನ್‌ಕೋಡರ್ ಟ್ಯೂನ್’ ಎಂಬ ಆಯ್ಕೆಯಲ್ಲಿ. ಸಾಮಾನ್ಯ ಚಿತ್ರೀಕರಣಕ್ಕೆ ‘ಫಿಲ್ಮ್’ ಅಥವಾ ಏನೂ ಬೇಡ. ಕಾರ್ಟೂನಿಗೆ ‘ಆನಿಮೇಶನ್’. ಹಳೆಯ ಕಪ್ಪು-ಬಿಳುಪು ಸಿನಿಮಾದ ಕಣಕಣವಾದ ಚಿತ್ರಕ್ಕೆ ‘ಗ್ರೇನ್’, ಇದರಲ್ಲಿ ಫೈಲ್ ದೊಡ್ಡದಾಗುತ್ತದೆ.

ಧ್ವನಿ, ವೇಗ, ಹಳೆಯ ಟೇಪು

ಚೆಂಡೆ-ಮದ್ದಳೆ ಇರುವ ವಿಡಿಯೋದಲ್ಲಿ ಧ್ವನಿಯನ್ನು ಮತ್ತೆ ಎನ್‌ಕೋಡ್ ಮಾಡಬೇಡಿ. ‘ಆಡಿಯೋ’ ಟ್ಯಾಬ್‌ನಲ್ಲಿ ‘ಪಾಸ್‌ಥ್ರೂ’ ಆರಿಸಿದರೆ ಮೂಲ ಧ್ವನಿ ಇದ್ದ ಹಾಗೆಯೇ ಹೊಸ ಫೈಲಿಗೆ ಬರುತ್ತದೆ. ಚಿತ್ರಕ್ಕೆ ಹೋಲಿಸಿದರೆ ಧ್ವನಿ ತೆಗೆದುಕೊಳ್ಳುವ ಜಾಗ ಚಿಕ್ಕದು, ಅಲ್ಲಿ ಉಳಿಸಲು ಹೋಗುವುದರಲ್ಲಿ ಅರ್ಥವಿಲ್ಲ.

ಫೋನುಗಳು ಬೆಳಕು ನೋಡಿಕೊಂಡು ಸೆಕೆಂಡಿನ ಚಿತ್ರಸಂಖ್ಯೆಯನ್ನು ಹೆಚ್ಚುಕಡಿಮೆ ಮಾಡುತ್ತವೆ. ಅಂಥ ಫೈಲನ್ನು ಎಡಿಟಿಂಗ್ ತಂತ್ರಾಂಶಕ್ಕೆ ಹಾಕಿದಾಗ ತುಟಿಯ ಚಲನೆಗೂ ಮಾತಿಗೂ ಹೊಂದಾಣಿಕೆ ತಪ್ಪುವುದುಂಟು. ಎಡಿಟ್ ಮಾಡುವ ಮೊದಲು ಹ್ಯಾಂಡ್‌ಬ್ರೇಕ್‌ನಲ್ಲಿ ಫ್ರೇಮ್‌ರೇಟ್ ‘ಸೇಮ್ ಆಸ್ ಸೋರ್ಸ್’ ಇಟ್ಟು ‘ಕಾನ್‌ಸ್ಟಂಟ್’ ಆರಿಸಿ ಒಂದು ಪ್ರತಿ ತೆಗೆಯಿರಿ. ಇನ್ನೊಂದು ವಿಷಯ: ತೆರೆದ ಕೂಡಲೇ ಸಿಗುವ ‘ಫಾಸ್ಟ್ 1080ಪಿ30’ ಎಂಬ ಸಿದ್ಧ ಆಯ್ಕೆ ಸೆಕೆಂಡಿಗೆ 30 ಚಿತ್ರಗಳಿಗಿಂತ ಹೆಚ್ಚು ಇಡುವುದಿಲ್ಲ. 60ರಲ್ಲಿ ತೆಗೆದ ಕುಣಿತ ಅಥವಾ ಕಬಡ್ಡಿಯ ವಿಡಿಯೋಗೆ ಇದು ನಷ್ಟ.

ಹ್ಯಾಂಡಿಕ್ಯಾಮ್ ಕಾಲದ ಟೇಪು, ಮದುವೆಯ ಡಿವಿಡಿಗಳಲ್ಲಿ ಕೈ ಬೀಸಿದಾಗ ಬಾಚಣಿಗೆಯ ಹಲ್ಲಿನಂಥ ಅಡ್ಡಗೆರೆಗಳು ಕಾಣುತ್ತವೆ. ಆಗಿನ ಟಿವಿಗಾಗಿ ಒಂದೊಂದು ಚಿತ್ರವನ್ನೂ ಬೆಸ ಸಾಲು, ಸಮ ಸಾಲು ಎಂದು ಎರಡು ಭಾಗ ಮಾಡಿ ಬರೆಯುತ್ತಿದ್ದುದರ ಗುರುತು ಅದು. ‘ಫಿಲ್ಟರ್ಸ್’ ಟ್ಯಾಬ್‌ನಲ್ಲಿ ‘ಡಿಕೋಂಬ್’ ಹಾಕಿದರೆ ಹೋಗುತ್ತದೆ. 720×576ರ ಈ ಚಿತ್ರವನ್ನು 1080ಕ್ಕೆ ಹಿಗ್ಗಿಸಲು ಹೋಗಬೇಡಿ. ಇಲ್ಲದ ವಿವರ ಬರುವುದಿಲ್ಲ, ಫೈಲು ಮಾತ್ರ ಹಿಗ್ಗುತ್ತದೆ. ಮತ್ತೆ ಎನ್‌ಕೋಡ್ ಮಾಡಿದಾಗಲೆಲ್ಲ ಸ್ವಲ್ಪವಾದರೂ ಕಳೆದುಕೊಳ್ಳುತ್ತೇವೆ, ಆದ್ದರಿಂದ ಮೂಲ ಪ್ರತಿಯನ್ನು ಅಳಿಸದೆ ಒಂದು ಹಾರ್ಡ್‌ಡಿಸ್ಕ್‌ನಲ್ಲಿ ಇಟ್ಟುಕೊಳ್ಳಿ.

ಪೆನ್‌ಡ್ರೈವ್‌ಗೆ ಹಾಕುವಾಗ ಫೈಲ್ 4 ಜಿಬಿ ದಾಟಿದರೆ ಜಾಗ ಇದ್ದರೂ ನಕಲಾಗುವುದಿಲ್ಲ ಎಂಬ ದೂರು ಸಾಮಾನ್ಯ. ಅದು ಫ್ಯಾಟ್32 ಫಾರ್ಮ್ಯಾಟ್‌ನ ಮಿತಿ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ಹಳೆಯ ಟಿವಿ ಅದನ್ನು ಓದದಿದ್ದರೆ ಆಟವನ್ನು ಒಡ್ಡೋಲಗ, ಯುದ್ಧ ಎಂದು ಭಾಗ ಮಾಡಿ ಹಾಕಿ. ಹಾಗೆ ಕತ್ತರಿಸುವುದಕ್ಕೆ ಎನ್‌ಕೋಡ್ ಬೇಕಾಗಿಯೇ ಇಲ್ಲ. ಲಾಸ್‌ಲೆಸ್‌ಕಟ್ ಎಂಬ ಮುಕ್ತ ತಂತ್ರಾಂಶ ಎಫ್ಎಫ್ಎಂಪೆಗ್ ಬಳಸಿ ಫೈಲನ್ನು ಬಿಡಿಸದೆ ತುಂಡು ಮಾಡಿಕೊಡುತ್ತದೆ. ಗುಣಮಟ್ಟ ಎಳ್ಳಷ್ಟೂ ಕುಗ್ಗುವುದಿಲ್ಲ, ಗಂಟೆಗಟ್ಟಲೆ ಕಾಯುವುದೂ ಇಲ್ಲ. ಹಿಂದಿನದನ್ನು ಆಧರಿಸದ ಪೂರ್ಣ ಚಿತ್ರ ಇರುವ ಜಾಗದಲ್ಲಿ ಮಾತ್ರ ಕತ್ತರಿಸಬಹುದಾದ್ದರಿಂದ ಒಂದೆರಡು ಸೆಕೆಂಡು ಆಚೀಚೆ ಆಗಬಹುದು, ಅಷ್ಟೆ.

ಕನ್ನಡ ಸಬ್‌ಟೈಟಲ್

ತುಳು, ಕೊಂಕಣಿ, ಕೊಡವ ವಿಡಿಯೋಗಳಿಗೆ ಕನ್ನಡದಲ್ಲಿ ಸಬ್‌ಟೈಟಲ್ ಹಾಕುವವರು ಈಗ ಹೆಚ್ಚಾಗಿದ್ದಾರೆ. ಸಂತೋಷದ ಸಂಗತಿ. ಸಬ್‌ಟೈಟಲ್ ಪಠ್ಯ ಇರುವ ಎಸ್‌ಆರ್‌ಟಿ ಫೈಲನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿ, ಉಳಿಸುವಾಗ ಯುಟಿಎಫ್-8 ಆರಿಸಿ. ನುಡಿ ಅಥವಾ ಬರಹದ ಹಳೆಯ ಫಾಂಟುಗಳಲ್ಲಿ ಟೈಪಿಸಿದ ಪಠ್ಯ ಇಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗುತ್ತದೆ. ಮೊದಲು ಅದನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಿ.

ಹ್ಯಾಂಡ್‌ಬ್ರೇಕ್‌ನ ‘ಸಬ್‌ಟೈಟಲ್ಸ್’ ಟ್ಯಾಬ್‌ನಲ್ಲಿ ಆ ಫೈಲನ್ನು ಸೇರಿಸಿದಾಗ ಎರಡು ದಾರಿ ಇರುತ್ತದೆ. ಪಠ್ಯವನ್ನು ಫೈಲಿನ ಒಳಗೆ ಪ್ರತ್ಯೇಕವಾಗಿಟ್ಟರೆ ನೋಡುವವರು ಬೇಕಾದಾಗ ಹಾಕಿ, ಬೇಡವಾದಾಗ ತೆಗೆಯಬಹುದು. ಆದರೆ ಕೆಲವು ಟಿವಿಗಳಿಗೆ ಕನ್ನಡದ ಒತ್ತಕ್ಷರ ಜೋಡಿಸಲು ಬರುವುದಿಲ್ಲ. ‘ಸ್ತ್ರೀ’ ಎಂಬುದು ಬಿಡಿಬಿಡಿ ತುಂಡುಗಳಾಗಿ ಕಾಣುತ್ತದೆ. ಆಗ ‘ಬರ್ನ್ ಇನ್’ ಆರಿಸಿ ಅಕ್ಷರಗಳನ್ನು ಚಿತ್ರದ ಮೇಲೆಯೇ ಅಚ್ಚಾಗುವಂತೆ ಮಾಡಬೇಕು. ಈ ಕೆಲಸ ಮಾಡುವುದು ಲಿಬ್‌ಆಸ್ ಎಂಬ ಇನ್ನೊಂದು ಮುಕ್ತ ತಂತ್ರಾಂಶ. ಅಕ್ಷರ ಜೋಡಣೆಗೆ ಅದು ಹಾರ್ಫ್‌ಬಜ್ ಅನ್ನು ಬಳಸುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ, ಫೈರ್‌ಫಾಕ್ಸ್‌ನಲ್ಲಿ ಕನ್ನಡ ಸರಿಯಾಗಿ ಕಾಣುವುದರ ಹಿಂದೆಯೂ ಇದೇ ಇದೆ. ಕಂಪ್ಯೂಟರಿನಲ್ಲಿ ನೋಟೋ ಸ್ಯಾನ್ಸ್ ಕನ್ನಡದಂಥ ಯೂನಿಕೋಡ್ ಫಾಂಟ್ ಇರಲಿ. ಒತ್ತಕ್ಷರ ಹೆಚ್ಚಿರುವ ಒಂದು ಸಾಲು ಬರುವ ಜಾಗವನ್ನು ಆರಿಸಿ ಮೊದಲು ಪರೀಕ್ಷಿಸಿ. ಅಚ್ಚಾದ ಮೇಲೆ ಕಾಗುಣಿತದ ತಪ್ಪನ್ನೂ ತಿದ್ದಲಾಗುವುದಿಲ್ಲ.

ಯಾವ ಕೋಡೆಕ್?

ಅಡಕಗೊಳಿಸುವ ಮಾನಕವನ್ನು, ಅಂದರೆ ಕೋಡೆಕ್ ಅನ್ನು, ಯಾರಿಗೆ ಕೊಡುತ್ತೀರಿ ಎಂಬುದರ ಮೇಲೆ ನಿರ್ಧರಿಸಿ. ಊರಿನ ನೆಂಟರ ಹಳೆಯ ಟಿವಿಯಲ್ಲೂ ಓಡಬೇಕೆಂದರೆ ಎಚ್.264, ಎಂಪಿ4 ಫೈಲ್. ಕಡಿಮೆ ಜಾಗ ಬೇಕು, ಹೊಸ ಸಾಧನಗಳಿವೆ ಎಂದರೆ ಅದರ ನಂತರದ ಮಾನಕ ಎಚ್.265. ಕತ್ತಲ ಹಿನ್ನೆಲೆಯಲ್ಲಿ ದೀಪದ ಬೆಳಕು ಪಟ್ಟೆ ಪಟ್ಟೆಯಾಗಿ ಒಡೆಯುತ್ತಿದ್ದರೆ ಎಚ್.265ರ ಎನ್‌ಕೋಡರ್ ಆದ ಎಕ್ಸ್265ರ 10-ಬಿಟ್ ಆಯ್ಕೆ ನಿಜಕ್ಕೂ ಸಹಾಯ ಮಾಡುತ್ತದೆ. ರಾತ್ರಿಯ ಆಟಗಳಿಗೆ ನಾನು ಇದನ್ನೇ ಸೂಚಿಸುತ್ತೇನೆ. ಎಕ್ಸ್265 ಅನ್ನು 2013ರಿಂದ ಬೆಳೆಸುತ್ತ ಬಂದ ಮಲ್ಟಿಕೋರ್‌ವೇರ್ ಕಂಪನಿಗೆ ನಮ್ಮ ಪಕ್ಕದ ಚೆನ್ನೈನಲ್ಲೂ ಕಚೇರಿ ಇದೆ.

ಎಚ್.265 ಎಲ್ಲೆಡೆ ಹರಡದಿರಲು ತಾಂತ್ರಿಕ ಕಾರಣಕ್ಕಿಂತ ಪೇಟೆಂಟ್ ಜಂಜಾಟ ಮುಖ್ಯ. ಶುಲ್ಕ ಕೇಳುವ ಕೂಟಗಳು ಒಂದಕ್ಕಿಂತ ಹೆಚ್ಚಾದವು. ಇದರಿಂದ ಬೇಸತ್ತ ಗೂಗಲ್, ಮೊಜಿಲ್ಲಾ, ನೆಟ್‌ಫ್ಲಿಕ್ಸ್, ಅಮೆಜಾನ್, ಇಂಟೆಲ್, ಸಿಸ್ಕೋ, ಮೈಕ್ರೋಸಾಫ್ಟ್ ಸೇರಿ 2015ರಲ್ಲಿ ಅಲಯನ್ಸ್ ಫಾರ್ ಓಪನ್ ಮೀಡಿಯಾ ಕಟ್ಟಿದವು. ಶುಲ್ಕವಿಲ್ಲದೆ ಬಳಸಬಹುದಾದ ಎವಿ1 ಅಲ್ಲಿಂದ 2018ರಲ್ಲಿ ಬಂತು. ಹ್ಯಾಂಡ್‌ಬ್ರೇಕ್‌ನ 1.6 ಆವೃತ್ತಿಯಿಂದ ಇದು ಲಭ್ಯ. ಇದರ ಆರ್‌ಎಫ್ ಮಾಪನ 63ರವರೆಗೆ ಹೋಗುತ್ತದೆ, ಎಕ್ಸ್264ರ 22ಕ್ಕೂ ಇದರ 22ಕ್ಕೂ ಸಂಬಂಧವಿಲ್ಲ. ಪರೀಕ್ಷೆಯನ್ನು ಹೊಸದಾಗಿಯೇ ಮಾಡಿಕೊಳ್ಳಿ.

ಕನ್ನಡ ವಿಕಿಪೀಡಿಯದ ಲೇಖನಗಳಿಗೆ ವಿಡಿಯೋ ಸೇರಿಸುವವರಿಗಂತೂ ಇಂಥ ಶುಲ್ಕವಿಲ್ಲದ ಕೋಡೆಕ್ ಬೇಕೇ ಬೇಕು. ಆ ವಿಡಿಯೋಗಳನ್ನು ಇಟ್ಟುಕೊಳ್ಳುವ ವಿಕಿಮೀಡಿಯ ಕಾಮನ್ಸ್ ಪೇಟೆಂಟ್ ಕಾರಣಕ್ಕೆ ಎಚ್.264ರ ಎಂಪಿ4 ಫೈಲ್ ಸ್ವೀಕರಿಸುವುದಿಲ್ಲ. ವೆಬ್‌ಎಂ ಕೇಳುತ್ತದೆ. ಹ್ಯಾಂಡ್‌ಬ್ರೇಕ್‌ನಲ್ಲಿ ಫಾರ್ಮ್ಯಾಟ್ ‘ವೆಬ್‌ಎಂ’, ವಿಡಿಯೋಗೆ ವಿಪಿ9 ಅಥವಾ ಎವಿ1, ಧ್ವನಿಗೆ ಓಪಸ್ ಆರಿಸಿ. ಮಡಕೆ ಮಾಡುವುದು, ಕಂಬಳ, ಸುಗ್ಗಿ ಕುಣಿತ ಇವುಗಳ ಒಂದೆರಡು ನಿಮಿಷದ ಸ್ವಚ್ಛ ವಿಡಿಯೋ ನೀವೇ ತೆಗೆದದ್ದಿದ್ದರೆ ದಯವಿಟ್ಟು ಅಲ್ಲಿಗೆ ಕೊಡಿ.

ಇದನ್ನು ನಡೆಸುವವರು

ಎಫ್ಎಫ್ಎಂಪೆಗ್‌ಗೆ ಒಂದು ಸಾಲು ಬದಲಾವಣೆ ಕಳಿಸಿದರೂ ಇತರರು ಅದನ್ನು ಓದಿ ಪ್ರಶ್ನಿಸುತ್ತಾರೆ. ಬಳಿಕ ಫೇಟ್ ಎಂಬ ಪರೀಕ್ಷಾ ವ್ಯವಸ್ಥೆ ಬೇರೆ ಬೇರೆ ಪ್ರೊಸೆಸರ್‌ಗಳಲ್ಲಿ ಹಳೆಯದೇನಾದರೂ ಕೆಟ್ಟಿತೇ ಎಂದು ನೋಡುತ್ತದೆ. ವೇಗ ಮುಖ್ಯವಾದ ಭಾಗಗಳನ್ನು ಇಂದಿಗೂ ಅಸೆಂಬ್ಲಿ ಭಾಷೆಯಲ್ಲಿ ಕೈಯಾರೆ ಬರೆಯುತ್ತಾರೆ. ಇದರಲ್ಲಿ ಬಹುಪಾಲು ಸ್ವಯಂಸೇವೆ. ಜಗತ್ತಿನ ವಿಡಿಯೋ ವ್ಯವಹಾರ ಇಷ್ಟು ಕಡಿಮೆ ಜನರ ಬಿಡುವಿನ ವೇಳೆಯ ಮೇಲೆ ನಿಂತಿರುವುದು ನ್ಯಾಯವಲ್ಲ. ದುಡಿಸಿಕೊಳ್ಳುವ ದೊಡ್ಡ ಕಂಪನಿಗಳು ಕೊಡುತ್ತಿರುವುದು ಸಾಲದು. ಹೀಗಿರುವಾಗ 2024ರಲ್ಲಿ ಜರ್ಮನಿಯ ಸಾವರಿನ್ ಟೆಕ್ ಫಂಡ್ ಎಫ್ಎಫ್ಎಂಪೆಗ್‌ಗೆ ನೆರವು ನೀಡಿತು. ಅದೇ ವರ್ಷ ಬೆಂಗಳೂರಿನ ಜೆರೋಧಾ ಕಂಪನಿ, ಮುಕ್ತ ತಂತ್ರಾಂಶಗಳಿಗಾಗಿ ವರ್ಷಕ್ಕೆ 10 ಲಕ್ಷ ಡಾಲರ್ ಕೊಡುವ ನಿಧಿ ಆರಂಭಿಸಿತು. 2025ರಲ್ಲಿ ಅದರಿಂದ ಎಫ್ಎಫ್ಎಂಪೆಗ್‌ಗೆ 1 ಲಕ್ಷ ಡಾಲರ್ ಸಂದಿತು.

ಹಣವಿಲ್ಲದವರೂ ನೆರವಾಗಬಹುದು. ಎನ್‌ಕೋಡ್ ಅರ್ಧಕ್ಕೆ ನಿಂತರೆ, ಕನ್ನಡ ಅಕ್ಷರ ಒಡೆದು ಬಂದರೆ ಸುಮ್ಮನಾಗಬೇಡಿ, ತಂಡಕ್ಕೆ ತಿಳಿಸಿ. ‘ಕೆಲಸ ಮಾಡುತ್ತಿಲ್ಲ’ ಎಂದಷ್ಟೇ ಬರೆದರೆ ಅವರಿಗೆ ಏನೂ ತಿಳಿಯುವುದಿಲ್ಲ. ಹ್ಯಾಂಡ್‌ಬ್ರೇಕ್‌ನಲ್ಲಿ ‘ಆಕ್ಟಿವಿಟಿ ಲಾಗ್’ ಎಂಬ ಗುಂಡಿ ಒತ್ತಿ, ಅಲ್ಲಿರುವ ಪಠ್ಯವನ್ನು ಪೂರ್ತಿ ನಕಲು ಮಾಡಿ ಲಗತ್ತಿಸಿ. ಆವೃತ್ತಿ, ಕಂಪ್ಯೂಟರ್, ನೀವು ಆರಿಸಿದ ಪ್ರತಿ ಆಯ್ಕೆ, ತಪ್ಪಾದ ಜಾಗ ಎಲ್ಲವೂ ಅದರಲ್ಲಿರುತ್ತದೆ. ಲಾಗ್‌ನಲ್ಲಿ ನಿಮ್ಮ ಫೋಲ್ಡರಿನ ಹೆಸರುಗಳೂ ಇರುತ್ತವೆ, ಖಾಸಗಿಯಾದದ್ದಿದ್ದರೆ ಅದನ್ನು ಮಾತ್ರ ತೆಗೆದು ಕಳಿಸಿ. ಸಬ್‌ಟೈಟಲ್‌ನ ತೊಂದರೆಯಾದರೆ ಅದೇ ದೋಷ ತೋರುವ ಎರಡು ಸಾಲಿನ ಎಸ್‌ಆರ್‌ಟಿ ಫೈಲನ್ನು ಜೊತೆಗಿಡಿ. ಕನ್ನಡ ಓದಲು ಬಾರದ ಪ್ರೋಗ್ರಾಮರ್‌ಗೆ, ಸರಿಯಾಗಿ ಕಂಡರೆ ಹೇಗಿರಬೇಕು ಎಂದು ತೋರಿಸುವ ಒಂದು ಚಿತ್ರವನ್ನೂ ಸೇರಿಸಿ.